ಮುಚ್ಚಳದ ಒಳಗಿನ ಚೀಟಿ

ದಸ್ತಗೀರ ಕಾಕಾ,

ಸಲಾಮು. ನಾನು ಸುಜಾತಾ, ಮೇಲವಂಕಿಯವಳು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ನನ್ನ ಅಕ್ಷರ ನೋಡಿದರೆ ಸಾಕು, ಕಾಗೆಕಾಲು ಬಂತು ನೋಡು ಎಂದು ಮೀಸೆಯೊಳಗೇ ನಗುತ್ತಿದ್ದಿರಿ.

ನಿಮ್ಮ ಅಂಗಡಿಯಲ್ಲೇ ಕೂತಿದ್ದೇನೆ, ಅದರ ಚಾವಿ ಈಗ ನನ್ನ ಹತ್ತಿರ ಇರುತ್ತದೆ. ಭಾನುವಾರ, ಮಧ್ಯಾಹ್ನ. ಘಟಪ್ರಭಾ ಸ್ಟೇಷನ್ನಿಗೆ ಆಗಲೇ ಎರಡು ಗಾಡಿ ಬಂದು ಹೋದವು. ಎದುರಿಗೆ ಮೇಜಿನ ಮೇಲೆ ನಿಮ್ಮ ಮನೆಯ ಇನ್ವರ್ಟರು ಮುಚ್ಚಳವಿಲ್ಲದೆ ಓಡುತ್ತಿದೆ. ಕೆಳಗೆ ಎರಡು ಬ್ಯಾಟರಿ. ಆ ಬಾಜೂ ನೀವು ಹಲಗೆಗೆ ಹೊಡೆದಿಟ್ಟ ಬಲ್ಬುಗಳ ಸಾಲು, ಹಳೆಯ ಫ್ರಿಜ್ಜಿನಿಂದ ಬಿಚ್ಚಿದ ಕಂಪ್ರೆಸರು. ಮುಂಜಾನೆ ಒಂಬತ್ತಕ್ಕೆ ಚಾಲೂ ಮಾಡಿದ್ದೇನೆ, ಹೊತ್ತು ಮುಳುಗುವವರೆಗೆ ನಿಲ್ಲಿಸುವಂತಿಲ್ಲ. ಹೊಸ ಕೆಲಸ ಯಾವುದೇ ಇರಲಿ, ಒಂದು ಹಗಲು ಪೂರ್ತಿ ಅಂಗಡಿಯಲ್ಲಿ ಓಡದೆ ಯಾರ ಮನೆಗೂ ಹೋಗಬಾರದು ಅನ್ನುವುದು ನಿಮ್ಮದೇ ನಿಯಮ. ಸುಮ್ಮನೆ ಅದನ್ನೇ ನೋಡುತ್ತ ಕೂತರೆ ನನಗೆ ಹುಚ್ಚು ಹಿಡಿಯುತ್ತದೆ. ಅದಕ್ಕೇ ಕಾಲೇಜಿನ ಜರ್ನಲ್ ಹಾಳೆ ಹರಿದು ಬರೆಯಲು ಕೂತೆ.

ಮಂಗಳವಾರ ಮೂಡಲಗಿಯಲ್ಲಿ, ನಿಮ್ಮ ಮನೆಯ ಕಡೆ, ಮುಂಜಾನೆ ಹತ್ತರಿಂದ ಎರಡರವರೆಗೆ ಕರೆಂಟ್ ಇರುವುದಿಲ್ಲ. ಲೈನಿನ ಕೆಲಸವಂತೆ, ಮೊದಲೇ ತಿಳಿಸಿದ್ದಾರೆ. ನೀವಿದ್ದಾಗ ಇದೊಂದು ಸುದ್ದಿಯೇ ಆಗುತ್ತಿರಲಿಲ್ಲ. ಈಗ ಚಾಚಿಯ ಮೂಗಿಗೆ ನಳಿಕೆ ಇದೆ, ಕಾಕಾ. ನಿಮಗೆ ಗೊತ್ತಿಲ್ಲ. ಅಷ್ಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದಾಗ ಒಂದು ದಿನವೂ ಹಾಸಿಗೆ ಹಿಡಿಯದವರು, ನೀವು ಹೋದ ಮೇಲೆ ಎರಡು ಹೆಜ್ಜೆ ಇಟ್ಟರೆ ಏದುಸಿರು ಬಿಡತೊಡಗಿದರು. ಪುಪ್ಪುಸ ಸೋತಿದೆ, ಹಗಲೂ ರಾತ್ರಿ ಆಕ್ಸಿಜನ್ ಮಷೀನು ಹಚ್ಚಿಕೊಂಡೇ ಇರಬೇಕು ಎಂದರು ಡಾಕ್ಟರು. ಕೋಣೆಯ ಗಾಳಿ ಎಳೆದುಕೊಂಡು ಅದರೊಳಗಿನ ಆಕ್ಸಿಜನ್ ಸೋಸಿ ಕೊಡುವ ಡಬ್ಬಿ ಅದು, ಮಂಚದ ಬಾಜೂ ಇರುತ್ತದೆ. ನಿಂತರೆ ಹತ್ತು ನಿಮಿಷದಲ್ಲಿ ಚಾಚಿಯ ತುಟಿಯ ಬಣ್ಣ ಬದಲಾಗುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ. ಅದು ಆದದ್ದೂ ನನ್ನಿಂದಲೇ. ಹೇಳುತ್ತೇನೆ, ಸ್ವಲ್ಪ ತಡೆಯಿರಿ, ಧೈರ್ಯ ಬರಲಿ.

ಎದ್ದು ಹೋಗಿ ಇನ್ವರ್ಟರಿನ ಕಾವು ಹೀರುವ ಹೀಟ್‌ಸಿಂಕ್ ಮುಟ್ಟಿ ಬಂದೆ. ಬೆಚ್ಚಗಿದೆ, ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ಮುಟ್ಟುತ್ತಿದ್ದೇನೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ.

ಮೊದಲ ಸಲ ಈ ಅಂಗಡಿಯ ಮೆಟ್ಟಿಲು ಹತ್ತಿದಾಗ ನನಗಿನ್ನೂ ಡಿಪ್ಲೊಮಾ ಎರಡನೆಯ ವರ್ಷ. ಕನ್ವರ್ಟರುಗಳ ಚಿತ್ರವೆಲ್ಲ ಬಾಯಿಪಾಠ ಬರುತ್ತಿತ್ತು, ಕರೆಂಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ನಾಲಗೆ ಹೊರಳುತ್ತಿರಲಿಲ್ಲ. ನೀವು ಪುಸ್ತಕ ಮುಚ್ಚಿಸಿದಿರಿ. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ಇದೇ ಮೇಜಿನ ಮೇಲೆ ನಾಲ್ಕು ಕಡ್ಡಿಗಳನ್ನು ಗಾಳಿಪಟದ ಹಾಗೆ ಇಟ್ಟಿರಿ, ನಾಲ್ಕರ ಮದ್ದಿನ ತಲೆಯೂ ಮೇಲಕ್ಕೆ. ಕರೆಂಟು ಬುಡದಿಂದ ತಲೆಯ ಕಡೆಗೆ ಮಾತ್ರ ಹೋಗಬಹುದು, ಹಿಂದಕ್ಕೆ ಬರುವ ಹಾಗಿಲ್ಲ ಎಂದಿರಿ. ಎಡ ಬಲದ ಮೂಲೆಗೆ ಮನೆಯ ಕರೆಂಟು, ಹಿಂದೆ ಮುಂದೆ ತೂಗಾಡುವ ಎಸಿ. ಅದು ಯಾವ ಕಡೆಯಿಂದ ಬಂದರೂ ಮೇಲಿನ ಮೂಲೆಯಲ್ಲೇ ಹೊರಗೆ ಬರುತ್ತದೆ, ಒಂದೇ ದಿಕ್ಕಿಗೆ, ಬ್ಯಾಟರಿಗೆ ಬೇಕಾದ ಡಿಸಿಯಾಗಿ. ನಾನು ಬೆರಳಿಟ್ಟು ಎರಡೂ ದಾರಿ ನಡೆದು ನೋಡಿದೆ. ಎರಡು ಸೆಮಿಸ್ಟರು ತಲೆಗೆ ಹೋಗದ ರೆಕ್ಟಿಫೈಯರು ಎರಡು ನಿಮಿಷದಲ್ಲಿ ಹೋಯಿತು.

ಆಮೇಲೆ ನೀವು ನಾಲ್ಕೂ ಕಡ್ಡಿಯ ತಲೆ ಮುರಿದು ಮತ್ತೆ ಅದೇ ಜಾಗದಲ್ಲಿ ಇಟ್ಟಿರಿ, ನೆನಪಿದೆಯಾ? ಈಗ ಇವು ಸ್ವಿಚ್ಚುಗಳು. ಬ್ಯಾಟರಿಯ ಎರಡು ತುದಿ ಮೇಲಿನ ಮೂಲೆಗೊಂದು, ಕೆಳಗಿನ ಮೂಲೆಗೊಂದು. ಎಡದ ಮೇಲಿನದನ್ನೂ ಬಲದ ಕೆಳಗಿನದನ್ನೂ ಒಟ್ಟಿಗೆ ಹಚ್ಚಿದರೆ ನಡುವಿನಲ್ಲಿ ಕರೆಂಟು ಒಂದು ಕಡೆ ಹರಿಯುತ್ತದೆ. ಅವನ್ನು ಬಿಟ್ಟು ಉಳಿದೆರಡನ್ನು ಹಚ್ಚಿದರೆ ಇನ್ನೊಂದು ಕಡೆ. ಹಾಗೆ ಹಿಂದೆ ಮುಂದೆ ಮಾಡುತ್ತಿದ್ದರೆ ಡಿಸಿಯಿಂದ ಎಸಿ, ಅದೇ ಇನ್ವರ್ಟರು. ಎಸಿ ಹಾಕಿ ಡಿಸಿ ತೆಗೆ, ಡಿಸಿ ಹಾಕಿ ಎಸಿ ತೆಗೆ, ಡಿಸಿ ಹಾಕಿ ಬೇರೆ ಡಿಸಿ ತೆಗೆ, ಎಸಿ ಹಾಕಿ ಬೇರೆ ಎಸಿ ತೆಗೆ, ಲೋಕದಲ್ಲಿ ಇರುವವು ಇಷ್ಟೇ ಎಂದಿರಿ. ನಮ್ಮ ಮೇಲವಂಕಿಯ ಸೋಲಾರ್ ಪಂಪಿನ ಡಬ್ಬಿ ಇರಲಿ, ಫ್ಯಾನಿನ ರೆಗ್ಯುಲೇಟರು ಇರಲಿ, ಬಿಚ್ಚಿದರೆ ಈ ನಾಲ್ಕರಲ್ಲೇ ಒಂದೋ ಎರಡೋ ಸಿಗುತ್ತವೆ. ಈಗ ನಿಡಸೋಸಿ ಕಡೆಯ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನಲ್ಲ, ಪ್ರತಿ ವರ್ಷ ಹೊಸ ಹುಡುಗರು ಬಂದಾಗ ನಾನೂ ಕಡ್ಡಿಪೆಟ್ಟಿಗೆ ತೆಗೆಯುತ್ತೇನೆ. ಮೇಡಮ್ಮು ಬೀಡಿ ಸೇದುತ್ತಾರೇನೋ ಎಂದು ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗುತ್ತಾರೆ.

ನನ್ನ ಮೊದಲ ಬೋರ್ಡು ಸಿಡಿದ ದಿನ ಇಡೀ ಬಾಜಾರಕ್ಕೆ ಕೇಳಿಸಿತ್ತು. ಅದರಲ್ಲಿ ನಾಲ್ಕಲ್ಲ, ಎರಡೇ ಸ್ವಿಚ್ಚು. ಟ್ರಾನ್ಸ್‌ಫಾರ್ಮರಿನ ಸುತ್ತಿನ ನಡುವಿಗೆ ಬ್ಯಾಟರಿ ಕೊಟ್ಟು, ಎರಡು ತುದಿಗಳನ್ನು ಸರದಿಯಂತೆ ಎಳೆಯುವ ಸರಳವಾದ ಜೋಡಣೆ. ಒಂದು ತಿಂಗಳು ಕೂತು ಮಾಡಿದ್ದೆ. ಐಸಿ ಚಿಪ್‌ನ ಒಂದನೆಯ ಕಾಲು ಯಾವುದು ಎಂದು ಮರೆಯಬಾರದೆಂದು ಅಕ್ಕನ ಉಗುರುಬಣ್ಣದಿಂದ ಐಸಿಯ ಪಕ್ಕ ಕೆಂಪು ಚುಕ್ಕೆ ಇಟ್ಟಿದ್ದೆ. ಸ್ವಿಚ್ ಒತ್ತಿದೆನೋ ಇಲ್ಲವೋ ಢಂ ಎಂದು ಸ್ವಿಚ್ಚಿನ ಕೆಲಸ ಮಾಡುವ ಎರಡೂ ಮಾಸ್‌ಫೆಟ್ಟು ಒಡೆದವು. ನನ್ನ ಜೀವವೇ ಹಾರಿಹೋಯಿತು. ನೀವು ಬೈಯಲಿಲ್ಲ. ನನ್ನ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಗೋಕಾಕ ಬಸ್ಸಿನ ಮುಂದೆ ನಿಲ್ಲಿಸಿದಿರಿ. ಬಾಗಿಲಲ್ಲಿ ಇಳಿಯುವವರೂ ಹತ್ತುವವರೂ ಒಬ್ಬರನ್ನೊಬ್ಬರು ಗುದ್ದಾಡುತ್ತಿದ್ದರು, ಯಾರೂ ಒಳಗೂ ಇಲ್ಲ ಹೊರಗೂ ಇಲ್ಲ.

"ನೋಡಿದ್ಯಾ ಮಗಳ? ಒಬ್ರು ಪೂರಾ ಇಳೀಲಿ, ಆಮ್ಯಾಲ ಇನ್ನೊಬ್ರು ಹತ್ಲಿ. ನಡುವ ಒಂದೀಟು ಸಂದು ಬಿಡು. ನೀ ಬಿಟ್ಟಿಲ್ಲ."

ಒಂದು ಸ್ವಿಚ್ಚು ಪೂರ್ತಿ ಬಂದಾಗುವ ಮೊದಲೇ ಇನ್ನೊಂದು ಚಾಲೂ ಆಗಿತ್ತು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಸಣ್ಣ ಹೊತ್ತು, ಆದರೆ ಬ್ಯಾಟರಿಗೆ ಅಷ್ಟು ಸಾಕು. ಪುಸ್ತಕದಲ್ಲಿ ಅದಕ್ಕೆ ಡೆಡ್ ಟೈಮ್ ಎನ್ನುತ್ತಾರೆ. ನಾನು ಲ್ಯಾಬಿನಲ್ಲಿ ಇವತ್ತಿಗೂ ಇಳಿಯುವ ಹೊತ್ತು ಅಂತಲೇ ಹೇಳುವುದು. ಮರುದಿನ ಆ ಬೋರ್ಡು ಎಲ್ಲಿ ಎಂದು ಕೇಳಿದಾಗ ಗುಜರಿ ಚೀಲಕ್ಕೆ ಒಗೆದೆ ಎಂದಿರಿ. ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

ಕಂಪ್ರೆಸರಿನ ಸದ್ದು ಬದಲಾದ ಹಾಗಾಯಿತು. ಓಡಿ ಹೋಗಿ ಕಿವಿ ಇಟ್ಟೆ. ಇಲ್ಲ, ಹೊರಗೆ ಯಾರದೋ ಗಾಡಿ. ತಿರುಗಿ ಬಂದು ಕೂತೆ. ಲ್ಯಾಬಿನಲ್ಲಿ ತಪ್ಪಾದರೆ ಫ್ಯೂಸು ಸುಡುತ್ತದೆ, ನಕ್ಕು ಇನ್ನೊಂದು ಹಾಕುತ್ತೇವೆ. ಇಲ್ಲಿ ತಪ್ಪಾದರೆ...

ಇನ್ನು ಮುಂದೂಡುವುದಿಲ್ಲ, ಹೇಳಿಬಿಡುತ್ತೇನೆ. ಆಕ್ಸಿಜನ್ ಮಷೀನು ಮನೆಗೆ ಬಂದ ದಿನ ನಿಮ್ಮ ಮಗ ಇಮ್ತಿಯಾಜ ನನಗೇ ಫೋನು ಮಾಡಿದ. ಗೋಕಾಕದ ಬಟ್ಟೆ ಅಂಗಡಿಗೆ ದಿನಾ ಹೋಗುವವನು, ವೈರಿನ ಕೆಲಸ ಅವನಿಗೆ ಏನೂ ಗೊತ್ತಾಗುವುದಿಲ್ಲ, ನಿಮಗೇ ಗೊತ್ತಿದೆಯಲ್ಲ. ನಾನು ಹೋಗಿ ಅದನ್ನು ನಿಮ್ಮ ಇನ್ವರ್ಟರಿಗೆ ಹಚ್ಚಿ ಬಂದೆ. ಪೆಟ್ಟಿಗೆಯ ಹೊರಗೆ ನೀವೇ ಬಣ್ಣದಲ್ಲಿ ಬರೆದಿದ್ದಿರಿ: ಫ್ಯಾನು, ಲೈಟು, ಟಿವಿ ಅಷ್ಟ. ಮೋಟರ್ ಬ್ಯಾಡ. ನಾನು ಓದಿದೆ. ಓದಿಯೂ ಹಚ್ಚಿದೆ. ಆಕ್ಸಿಜನ್ ಮಷೀನನ್ನು ಮನೆಯಲ್ಲಿ ಯಾರೂ ಮೋಟರು ಎನ್ನುವುದಿಲ್ಲ, ಆದರೆ ಒಳಗೆ ಗಾಳಿ ಎಳೆಯುವುದು ಮೋಟರೇ ಎಂದು ನನಗೆ ಗೊತ್ತಿರಲಿಲ್ಲವೇ? ನಿಮ್ಮ ಪೆಟ್ಟಿಗೆಯದೂ ಎರಡು ಸ್ವಿಚ್ಚಿನ ಆ ಸರಳ ಜೋಡಣೆಯೇ, ಅದರಿಂದ ಬರುವ ಎಸಿ ಚೌಕ ಚೌಕ, ಮೆಟ್ಟಿಲಿನ ಹಾಗೆ. ಬಲ್ಬಿಗೆ ಅದು ನಡೆಯುತ್ತದೆ. ಮೋಟರಿಗೆ ಅಲೆಯ ಹಾಗೆ ಏರಿಳಿಯುವ ಕರೆಂಟು ಬೇಕು, ಇಲ್ಲದಿದ್ದರೆ ಗುಂಯ್‌ಗುಟ್ಟಿ ಕಾಯುತ್ತದೆ. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ, ತಪ್ಪು ಬರೆದರೆ ಸೊನ್ನೆ ಹಾಕುತ್ತೇನೆ.

ಹಾಗಾದರೆ ಯಾಕೆ ಹಚ್ಚಿದೆ? ನಿಮ್ಮ ಕೈಯದು ಅನ್ನುವ ಒಂದೇ ಕಾರಣಕ್ಕೆ. ನಿಮ್ಮ ಕೈಯ ಮಷೀನು ನಿಮ್ಮ ಮನೆಯವರಿಗೆ ಆಗಿಬರುವುದಿಲ್ಲ ಎಂದು ಚಾಚಿಯ ಮುಖ ನೋಡಿ ಹೇಳುವುದು ನನ್ನಿಂದ ಆಗಲಿಲ್ಲ. ದಿನಾ ಮುಂಜಾನೆ ಅವರು ಆ ಪೆಟ್ಟಿಗೆಯ ಧೂಳು ತಮ್ಮ ಸೆರಗಿನಿಂದ ಒರೆಸುತ್ತಾರೆ, ಕಾಕಾ. ಮೇಲೊಂದು ಕಸೂತಿಯ ಬಟ್ಟೆ ಹೊದಿಸಿದ್ದಾರೆ.

ಎರಡನೆಯ ವಾರವೇ ಮಧ್ಯಾಹ್ನ ಕರೆಂಟು ಹೋಯಿತು. ನಾನು ಅಲ್ಲೇ ಇದ್ದೆ, ಚಹಾ ಕುಡಿಯುತ್ತಿದ್ದೆ. ಆಕ್ಸಿಜನ್ ಮಷೀನು ಹದಿನೈದು ನಿಮಿಷ ಗುಂಯ್‌ಗುಟ್ಟಿ ಬಿಸಿಯಾಗಿ ತಾನೇ ಬಂದಾಯಿತು, ಪೀಪೀ ಎಂದು ಕೂಗತೊಡಗಿತು. ಸಿಲಿಂಡರು ಇನ್ನೂ ತಂದಿರಲಿಲ್ಲ. ಚಾಚಿ ಮಾತು ನಿಲ್ಲಿಸಿ ಎರಡೂ ಕೈ ಮಂಚಕ್ಕೆ ಊರಿ ಕೂತರು. ತುಟಿ ನೇರಳೆಹಣ್ಣು ತಿಂದವರ ತುಟಿಯಂತಾಯಿತು. ನಾನು ಬೀಸಣಿಗೆ ಬೀಸಿದೆ, ಬೆನ್ನು ತಿಕ್ಕಿದೆ, ಏನು ಮಾಡಿದೆನೋ ನನಗೇ ತಿಳಿಯದು. ಅಷ್ಟರಲ್ಲಿ ಕರೆಂಟು ಬಂತು, ಮಷೀನು ಮತ್ತೆ ಓಡಿತು. ಚಾಚಿ ಏದುಸಿರಿನಲ್ಲೇ ಏನಾಯಿತು ಎಂದು ಕೇಳಿದರು. ನಾನು ಆಕ್ಸಿಜನ್ ಮಷೀನ್ದೇ ಏನೋ ದೋಷ ಅಂದುಬಿಟ್ಟೆ. ಎಂಥ ಸುಳ್ಳು! ಇಮ್ತಿಯಾಜ ಪಾಪ ಅದನ್ನು ಹೊತ್ತುಕೊಂಡು ಹೋಗಿ ತೋರಿಸಿಕೊಂಡು ಬಂದ. ಅದು ಸರಿಯಾಗಿಯೇ ಇತ್ತು.

ಆಮೇಲೆ ಇಮ್ತಿಯಾಜ ಹೊಸ ಇನ್ವರ್ಟರು ತರುತ್ತೇನೆ ಎಂದ. ಅಲೆಯ ಹಾಗಿನ ಕರೆಂಟು ಕೊಡುವ, ಸೈನ್ ವೇವ್ ಅಂತ ಬರೆದದ್ದೇ ತಾ ಎಂದು ನಾನೂ ಮೆಲ್ಲಗೆ ಹೇಳಿದೆ. ಚಾಚಿ ಒಪ್ಪಲಿಲ್ಲ. ಆ ಜಾಗದಲ್ಲಿ ಬೇರೆ ಡಬ್ಬಿ ಕೂರುವುದಿಲ್ಲ ಎಂದರು. ಮಂಗಳವಾರ ಒಂದು ದಿನ ದವಾಖಾನೆಯಲ್ಲಿ ಇರೋಣ ಎಂದರೆ ಅದಕ್ಕೂ ಇಲ್ಲ, ನೀವು ಅಲ್ಲಿಂದ ನಡೆದು ಹೊರಗೆ ಬರಲಿಲ್ಲವಲ್ಲ. ಈಗ ಒಂದು ಸಣ್ಣ ಸಿಲಿಂಡರು ಮನೆಯಲ್ಲಿದೆ. ಒಂದು ತಾಸು ಬಂದರೆ ಹೆಚ್ಚು. ಕರೆಂಟು ಇರದಿರುವುದು ನಾಲ್ಕು ತಾಸು. ಉಳಿದ ಮೂರು ತಾಸು ನನ್ನ ಮೇಲೆ ಬಂದು ಕೂತಿವೆ.

ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಮೂಡಲಗಿಗೆ ಹೋದೆ. ಸ್ವಲ್ಪ ರಿಪೇರಿ ಇದೆ, ಅಂಗಡಿಗೆ ಒಯ್ಯುತ್ತೇನೆ ಎಂದು ಚಾಚಿಗೆ ಹೇಳಿದೆ, ಅರ್ಧ ಸುಳ್ಳು. ಒಳಗಿನದನ್ನೆಲ್ಲ ಕಿತ್ತು, ಪೆಟ್ಟಿಗೆ ಮಾತ್ರ ನಿಮ್ಮದೇ ಉಳಿಸಿ, ನಾಲ್ಕು ಸ್ವಿಚ್ಚಿನ ಹೊಸ ಜೋಡಣೆ ಹಾಕಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಅಂದರೆ ನಿಮ್ಮ ಕೈಗೆಲಸ ಕಿತ್ತು ಗುಜರಿಗೆ ಒಗೆದು, ಮೇಲೆ ಅದೇ ಕಸೂತಿಯ ಬಟ್ಟೆ ಹೊದಿಸಿ, ಚಾಚಿ ದಿನಾ ಒರೆಸುವುದನ್ನು ನೋಡುತ್ತ ಸುಮ್ಮನಿರುವುದು. ದಾರಿಯುದ್ದಕ್ಕೂ ಟಂಟಂ ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕದ್ದುಕೊಂಡು ಹೋಗುತ್ತಿರುವ ಹಾಗೇ ಅನಿಸಿತು.

ನಿಮ್ಮ ಚೀಟಿಗಳ ವಿಷಯ ಹೇಳಬೇಕಲ್ಲ. ಬೇರೆ ಅಂಗಡಿಯವರು ಐಸಿಯ ಮೇಲಿನ ನಂಬರನ್ನು ಉಪ್ಪುಕಾಗದದಿಂದ ಉಜ್ಜಿ ಅಳಿಸುತ್ತಾರೆ. ಇನ್ನೊಬ್ಬ ಬಿಚ್ಚಿದರೆ ಗೊತ್ತಾಗಬಾರದು, ಗಿರಾಕಿ ತಿರುಗಿ ತಮ್ಮ ಹತ್ತಿರವೇ ಬರಬೇಕು. ನೀವು ಮಾತ್ರ ಪ್ರತಿಯೊಂದು ಮುಚ್ಚಳದ ಒಳಗೆ ಇಡೀ ಸರ್ಕ್ಯೂಟನ್ನು ಕೈಯಿಂದ ಬರೆದು ಚೀಟಿ ಅಂಟಿಸುತ್ತಿದ್ದಿರಿ. ನಾವು ಇಲ್ಲದಾಗ ಬಿಚ್ಚಿದವನು ಪರದಾಡಬಾರದು ಎನ್ನುತ್ತಿದ್ದಿರಿ. ಪಕ್ಕದ ಅಂಗಡಿಯವರು ನಿಮಗೆ ತಲೆ ಸರಿಯಿಲ್ಲ ಎಂದು ಆಡಿಕೊಂಡರು. ಹಾಗಾಗಿ ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಚೀಟಿ ಇರುತ್ತದೆ ಎಂದು ನನಗೆ ಖಾತ್ರಿ ಇತ್ತು.

ಚೀಟಿ ಇತ್ತು. ಬ್ಯಾಟರಿ ಚಾರ್ಜು ಮಾಡುವ ನಾಲ್ಕು ಡಯೋಡು, ನಿಮ್ಮ ಕಡ್ಡಿಯ ಗಾಳಿಪಟದ ಹಾಗೆಯೇ. ಕರೆಂಟು ಹೋದ ಕೂಡಲೇ ಮನೆಯನ್ನು ಬ್ಯಾಟರಿಗೆ ತಿರುಗಿಸುವ ರಿಲೇ. ಟ್ರಾನ್ಸ್‌ಫಾರ್ಮರು. ಎಲ್ಲ ಅಚ್ಚುಕಟ್ಟಾಗಿ. ನಡುವಿನಲ್ಲಿ ಮಾತ್ರ ಒಂದು ಖಾಲಿ ಚೌಕ. ಚೌಕದೊಳಗೆ ನಿಮ್ಮ ಕೈಬರಹ:

"ಇದು ಸುಜಾತಾ ಮಾಡಿದ್ದು. ಇದರ ಚಿತ್ರ ಆಕಿನ್ನ ಕೇಳ್ರಿ."

ನಾನು ಬಗ್ಗಿ ನೋಡಿದೆ. ಐಸಿಯ ಪಕ್ಕ ಕೆಂಪು ಚುಕ್ಕೆ. ಅಕ್ಕನ ಉಗುರುಬಣ್ಣ. ಮಾಸಿತ್ತು, ಹೋಗಿರಲಿಲ್ಲ. ನನ್ನದೇ ಸೊಟ್ಟ ಸೋಲ್ಡರು, ಅದರ ಮೇಲೆ ನೀವು ಆಮೇಲೆ ಹೊಲಿದ ಹಾಗೆ ಜೋಡಿಸಿದ ಎರಡು ಸಣ್ಣ ರೆಸಿಸ್ಟರು, ಒಂದು ಕೆಪಾಸಿಟರು. ನಾನು ಬಿಡದ ಸಂದನ್ನು ನೀವು ಬಿಟ್ಟುಕೊಟ್ಟಿದ್ದಿರಿ. ಗುಜರಿಗೆ ಒಗೆದೆ ಎಂದವರು ಇಷ್ಟು ವರ್ಷ ನಿಮ್ಮ ಮನೆಯ ಫ್ಯಾನು ಅದರಿಂದಲೇ ತಿರುಗಿಸಿದಿರಾ? ನನಗೆ ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ನಾನು ಇನ್ನಷ್ಟು ದಿನ ಮೂಗು ಮೇಲೆತ್ತಿಕೊಂಡು ತಿರುಗುತ್ತಿದ್ದೆನೇನೋ. ಅಂಗಡಿಯ ಶಟರು ಅರ್ಧ ಎಳೆದು ಅತ್ತೆ, ಕಾಕಾ. ಆಮೇಲೆ ಬೋರ್ಡನ್ನು ಕಿತ್ತೆ. ನನ್ನದನ್ನು ಕೀಳಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೈ ಹಗುರಾಯಿತು.

ಟ್ರಾನ್ಸ್‌ಫಾರ್ಮರಿನ ದಪ್ಪ ಸುತ್ತನ್ನು ಗೋಕಾಕದಲ್ಲಿ ಮೋಟರ್ ಕಟ್ಟುವವರ ಹತ್ತಿರ ಬೇರೆ ಕಟ್ಟಿಸಿದೆ. ನಾಲ್ಕು ಸ್ವಿಚ್ಚುಗಳನ್ನು ಕೂರಿಸಿದೆ. ಅವನ್ನು ಬರೇ ಹಿಂದೆ ಮುಂದೆ ಆಡಿಸಿದರೆ ಸಾಲದು. ಒಮ್ಮೆ ಹೆಚ್ಚು ಹೊತ್ತು, ಒಮ್ಮೆ ಕಡಿಮೆ ಹೊತ್ತು, ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿದರೆ ಆ ಮೆಟ್ಟಿಲುಗಳು ಸವೆದು ಅಲೆಯಾಗುತ್ತವೆ. ಶನಿವಾರ ಸಂಜೆ ಮೊದಲ ಸಲ ಸ್ವಿಚ್ ಒತ್ತಿದೆ. ನಿಮ್ಮ ಪದ್ಧತಿಯಂತೆ ಬ್ಯಾಟರಿಯ ದಾರಿಯಲ್ಲಿ ಲಾರಿಯ ಹೆಡ್‌ಲೈಟ್ ಬಲ್ಬು ಸೇರಿಸಿದ್ದೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಉರಿದು ಕರೆಂಟನ್ನು ತಡೆಯುತ್ತದೆ, ಸಾಮಾನು ಉಳಿಯುತ್ತದೆ.

ಬಲ್ಬು ಝಗ್ಗೆಂದು ಉರಿಯಿತು. ಸಂದು ಸಾಕಷ್ಟು ಬಿಟ್ಟಿರಲಿಲ್ಲ! ಹತ್ತೊಂಬತ್ತು ವರ್ಷದವಳಿದ್ದಾಗ ಮಾಡಿದ ತಪ್ಪನ್ನೇ, ವರ್ಷಕ್ಕೆ ನೂರು ಮಕ್ಕಳಿಗೆ ಪಾಠ ಹೇಳುವ ನಾನು ಮತ್ತೆ ಮಾಡಿದ್ದೆ. ಅವಸರ, ಅಂಜಿಕೆ. ಸ್ವಿಚ್ ಆರಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀವಿದ್ದಿದ್ದರೆ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದಿರಿ. ನಾನೊಬ್ಬಳೇ ಹೋದೆ. ಎರಡು ಬಸ್ಸು ಬಂದು ಹೋಗುವವರೆಗೆ ನಿಂತು ನೋಡಿ ಬಂದು, ಸಂದು ಹೆಚ್ಚು ಮಾಡಿದೆ. ಈ ಸಲ ಬಲ್ಬು ಮಿಣುಕಿ ಆರಿತು.

ಹೊತ್ತು ಮುಳುಗಿತು, ಕಾಕಾ. ಈಗ ನಿಲ್ಲಿಸಿದೆ. ಹೀಟ್‌ಸಿಂಕ್ ಇನ್ನೂ ಬೆಚ್ಚಗೇ ಇದೆ, ಕಂಪ್ರೆಸರು ಒಮ್ಮೆಯೂ ತೊದಲಲಿಲ್ಲ. ಆದರೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಇಲ್ಲಿ ಓಡಿದ್ದು ಅಲ್ಲಿ ಓಡುತ್ತದೆಯೇ? ಫ್ರಿಜ್ಜಿನ ಕಂಪ್ರೆಸರು ನಿಂತರೆ ಹಾಲು ಕೆಡುತ್ತದೆ, ಅಷ್ಟೇ. ಉಳಿದದ್ದನ್ನು ಮಂಗಳವಾರ ಬರೆಯುತ್ತೇನೆ. ಬರೆಯುವ ಸ್ಥಿತಿಯಲ್ಲಿದ್ದರೆ.

ಇವತ್ತು ಮಂಗಳವಾರ. ಮೂಡಲಗಿಯಲ್ಲಿ ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದೇನೆ, ಈಗ ಮೂರು ಗಂಟೆ.

ಮುಂಜಾನೆ ಎಂಟಕ್ಕೇ ಬಂದು ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಇಟ್ಟು ಹಚ್ಚಿದೆ. ಇಮ್ತಿಯಾಜ ಅಂಗಡಿಗೆ ಹೋಗದೆ ಸಿಲಿಂಡರಿನ ಚಾವಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಹತ್ತಕ್ಕೆ ಮೊದಲು ಚಾಚಿಯ ಹತ್ತಿರ ಎಲ್ಲ ಹೇಳಿಬಿಡಬೇಕು ಎಂದು ರಾತ್ರಿಯೇ ನಿಶ್ಚಯ ಮಾಡಿದ್ದೆ. ಏನಾದರೂ ಆಗಿಹೋದರೆ ಸುಳ್ಳು ಹೊತ್ತುಕೊಂಡು ಬದುಕುವುದು ನನ್ನಿಂದಾಗದು. ಮಂಚದ ತುದಿಗೆ ಕೂತು ಒಂದೇ ಉಸಿರಿಗೆ ಒದರಿದೆ. ಆವತ್ತು ದೋಷ ಆಕ್ಸಿಜನ್ ಮಷೀನ್ದಲ್ಲ ಚಾಚಿ, ಇನ್ವರ್ಟರ್ದು. ಗೊತ್ತಿದ್ದೂ ಹಚ್ಚಿದೆ, ಕಾಕಾನ ಹೆಸರಿಗೆ ಮುಕ್ಕು ಬರಬಾರದೆಂದು ಸುಳ್ಳು ಹೇಳಿದೆ. ಬಿಚ್ಚಿ ನೋಡಿದರೆ ಒಳಗಿದ್ದದ್ದು ನನ್ನದೇ ಬೋರ್ಡು, ಈಗ ಕಿತ್ತು ಬೇರೆ ಹಾಕಿದ್ದೇನೆ. ಹೇಳುತ್ತ ಹೇಳುತ್ತ ಜೋಳಿಗೆಯಿಂದ ಆ ಹಳೆಯ ಬೋರ್ಡು ತೆಗೆದು ಅವರ ಕೈಗೆ ಕೊಟ್ಟೆ.

ಚಾಚಿ ಅದನ್ನು ತಿರುಗಿಸಿ ಕೆಂಪು ಚುಕ್ಕೆಯನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದರು. ಅವರಿಗೆ ಆಶ್ಚರ್ಯ ಆಗಲಿಲ್ಲ, ಕಾಕಾ.

"ಇದು ನಿಂದು ಅಂತ ನನಗ ಮೊದಲಿಂದ ಗೊತ್ತೈತಿ ಬೇಟಿ. ಹುಡುಗಿ ಕೈದು, ಇದನ್ನ ಯಾರೂ ತಗೀಬ್ಯಾಡ್ರಿ ಅಂತ ಅವ್ರು ಹೇಳಿದ್ರು. ಇಮ್ತಿಯಾಜ ಬ್ಯಾರೆದು ತರತೀನಿ ಅಂದಾಗ ನಿನಗ ಕೆಟ್ಟ ಅನಸ್ತೈತಿ ಅಂತ ಬ್ಯಾಡ ಅಂದೆ."

ಅವರಿಗೆ ನೋವಾಗಬಾರದೆಂದು ನಾನು, ನನಗೆ ನೋವಾಗಬಾರದೆಂದು ಅವರು. ಅಷ್ಟು ದಿನ ಇಬ್ಬರೂ ಒಂದು ಉಗುರುಬಣ್ಣದ ಬೋರ್ಡನ್ನು ಕಾಯ್ದುಕೊಂಡು ಕೂತಿದ್ದೆವು, ಆ ತುಟಿ ನೇರಳೆಯಾದ ಮೇಲೂ! ಇಂಥ ದಡ್ಡರು ಎಲ್ಲಾದರೂ ಇರುತ್ತಾರೆಯೇ? ಅಳಬೇಕೋ ನಗಬೇಕೋ ತಿಳಿಯದೆ ಅವರ ಮೇಲೆ ಸಿಟ್ಟಿಗೇ ಎದ್ದೆ, ನಿಮ್ಮ ಮೇಲೂ. ಚಾಚಿ ಮಾತ್ರ ಬೋರ್ಡನ್ನು ನಿಮ್ಮ ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಕೆಳಗೆ ಇಟ್ಟುಕೊಂಡರು. ಇನ್ನು ಕೇಳಿದರೂ ಕೊಡುವುದಿಲ್ಲವಂತೆ.

ಮುಚ್ಚಳ ಹಾಕುವ ಮೊದಲು ನಿಮ್ಮ ಚೀಟಿಯ ಪಕ್ಕ ನನ್ನದೊಂದು ಅಂಟಿಸಿದೆ. ಇಡೀ ಚಿತ್ರ, ಒಂದು ಐಸಿಯ ನಂಬರನ್ನೂ ಮುಚ್ಚಿಟ್ಟಿಲ್ಲ. ಸಂದು ಎಷ್ಟು ಬಿಡಬೇಕು ಎನ್ನುವುದನ್ನು ಎರಡು ಸಲ ಗೆರೆ ಎಳೆದು ಬರೆದಿದ್ದೇನೆ. ಕೆಳಗೆ, ಮುಂದೆ ಬಿಚ್ಚುವವರು ತಮ್ಮ ಹೆಸರು ಬರೆಯಲಿ ಎಂದು ಜಾಗ ಬಿಟ್ಟಿದ್ದೇನೆ. ನಾನಿರುವವರೆಗೆ ನಿಮ್ಮ ಅಂಗಡಿಯಿಂದ ಚೀಟಿಯಿಲ್ಲದ ಮುಚ್ಚಳ ಹೊರಗೆ ಹೋಗುವುದಿಲ್ಲ, ಇದು ನಿಮಗೆ ನನ್ನ ಮಾತು.

ನಾನು ಕಲಿಯುತ್ತಿದ್ದಾಗ ಒಮ್ಮೆ, ಒಳ್ಳೆಯ ಇನ್ವರ್ಟರು ಅಂದರೆ ಯಾವುದು ಎಂದು ಕೇಳಿದ್ದೆ. ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ ಉತ್ತರವಿತ್ತು. ನೀವು ಸೋಲ್ಡರಿನ ಹೊಗೆ ಊದುತ್ತ, ಕರೆಂಟ್ ಹೋದದ್ದು ಮನೆಯವರಿಗೆ ಗೊತ್ತಾಗಬಾರದು, ಅದು ಒಳ್ಳೆಯದು ಎಂದಿರಿ. ನಾನು ಮಾಡಿದ್ದು ಯಾವುದನ್ನೂ ಚೆನ್ನಾಗಿದೆ ಎಂದು ನೀವು ಬಾಯಿಬಿಟ್ಟು ಹೇಳಿದವರಲ್ಲ.

ಹತ್ತಕ್ಕೆ ಸರಿಯಾಗಿ ಪೆಟ್ಟಿಗೆಯೊಳಗೆ ರಿಲೇ ಟಕ್ ಎಂದಿತು. ಇಮ್ತಿಯಾಜನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಕಿವಿಗೊಟ್ಟೆ. ಆಕ್ಸಿಜನ್ ಮಷೀನು ಮೊದಲಿನ ಹಾಗೇ ಉಸ್ಸು ಬಿಡುತ್ತ ಇತ್ತು. ಚಾಚಿ, ನೀವು ಮದುವೆಯಾದ ಹೊಸದರಲ್ಲಿ ಅವರ ತವರಿನ ರೇಡಿಯೋ ಬಿಚ್ಚಿ ಕೂರಿಸಲಾಗದೆ ಒದ್ದಾಡಿದ್ದನ್ನು ಹೇಳುತ್ತಿದ್ದರು. ನಾನು ಹೂಂಗುಡುತ್ತಿದ್ದೆ, ಕಣ್ಣು ಅವರ ತುಟಿಯ ಮೇಲೆ. ಹತ್ತು ನಿಮಿಷ, ಹದಿನೈದು ನಿಮಿಷ, ಆವತ್ತು ಮಷೀನು ಬಂದಾದ ಹೊತ್ತೂ ದಾಟಿತು. ಬಣ್ಣ ಬದಲಾಗಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು, ಗುಂಯ್ ಎನ್ನುವ ಸದ್ದೂ ಇರಲಿಲ್ಲ. ರೇಡಿಯೋದ ಕಥೆ ಮುಗಿದು, ಇಮ್ತಿಯಾಜ ಹುಟ್ಟಿದ ಕಥೆ ಮುಗಿದು, ಚಾಚಿ ಗೋಡೆಯ ಗಡಿಯಾರದ ಕಡೆಗೆ ತಿರುಗಿದರು. ಆಗ ಮುಕ್ಕಾಲು ತಾಸು ಆಗಿತ್ತು.

"ಹತ್ತಕ್ಕ ಹೋಗ್ತೈತಿ ಅಂದಿದ್ರಲ್ಲ," ಎಂದರು ಚಾಚಿ. "ಕರೆಂಟ್ ಇನ್ನ ಯಾಕ ಹೋಗಿಲ್ಲ?"